ಸಿಇಟಿ ಸಾಕಾ, ಜೆಇಇನೂ ಬರೆಸಬೇಕಾ?

ತೀರ್ಥಹಳ್ಳಿಯಿಂದ ಪ್ರಶ್ನೆ:
ಮಗಳು ಫಸ್ಟ್ ಪಿಯುಸಿ, ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಕಂಪ್ಯೂಟರ್). ಇಂಜಿನಿಯರಿಂಗೇ ಬೇಕು ಅಂತ ಹಟ. ಕಾಲೇಜಿನಲ್ಲಿ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿ ಸಾಕು ಅಂತಾರೆ. ಶಿವಮೊಗ್ಗದ ನೆಂಟರು ಇಡೀ ದೇಶಕ್ಕೆ ನಡೆಯುವ ಜೆಇಇ ಬರೆಸದಿದ್ದರೆ ಓದಿಸಿದ್ದೇ ದಂಡ ಅಂತಾರೆ. ಕಾಮೆಡ್‌ಕೆ ಅಂತ ಇನ್ನೊಂದು ಪರೀಕ್ಷೆ ಇದೆಯಂತೆ. ನಮ್ಮದು ಎರಡು ಎಕರೆ ಅಡಿಕೆ ತೋಟ, ಎಲ್ಲಕ್ಕೂ ಕೋಚಿಂಗ್ ಕೊಡಿಸೋಕೆ ಆಗಲ್ಲ. ಬರೆದವರು, ಬರೆಸಿದವರು ಹೇಳಿ.

ಸಾಗರದಿಂದ:
ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ. ತಂಗಿ ಎರಡು ವರ್ಷ ಜೆಇಇಗೇ ಓದಿದಳು. ಅಲ್ಲಿ ಸರಿ ಉತ್ತರಕ್ಕೆ 4 ಅಂಕ, ತಪ್ಪಾದರೆ 1 ಕಟ್. ಗೊತ್ತಿಲ್ಲದ್ದನ್ನು ಮುಟ್ಟಬಾರದು ಅನ್ನೋದು ಅವಳ ಕೈಗೆ ಅಂಟಿಬಿಟ್ಟಿತ್ತು. ಸಿಇಟಿ ಮ್ಯಾಥ್ಸ್ ಮುಗಿಸಿ ಹೊರಗೆ ಬಂದವಳು "ಹನ್ನೊಂದು ಬಿಟ್ಟೆ" ಅಂದಳು. ಅದೂ ಹೆಮ್ಮೆಯಿಂದ! ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯೋದೇ ಇಲ್ಲ. ಆ ಹನ್ನೊಂದನ್ನೂ ಕಣ್ಣು ಮುಚ್ಚಿ ಶೇಡ್ ಮಾಡಿದ್ದರೂ ಎರಡೋ ಮೂರೋ ಸಿಗುತ್ತಿತ್ತು, ಅಲ್ವಾ? ಅಪ್ಪ ಬಸ್ ಸ್ಟ್ಯಾಂಡ್ ತನಕ ಮಾತಾಡಲಿಲ್ಲ.

ವೇಗವೂ ಬೇರೆ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ. ಜೆಇಇಯ ಮೊದಲ ಹಂತ ಮೇನ್‌ನಲ್ಲಿ 3 ಗಂಟೆಗೆ 75 ಪ್ರಶ್ನೆ. ಜೆಇಇ ಕಂಪ್ಯೂಟರಿನಲ್ಲಿ, ಸಿಇಟಿ ಪೆನ್ನಿನಲ್ಲಿ ಶೇಡ್ ಮಾಡುವ ಒಎಂಆರ್ ಶೀಟಿನಲ್ಲಿ. ಜೆಇಇಗೆ ಓದಿದರೆ ಸಿಇಟಿ ತಾನಾಗೇ ಬರುತ್ತೆ ಅನ್ನೋದು ಅರ್ಧ ನಿಜ. ಲೆಕ್ಕ ಬರುತ್ತೆ, ಕೈ ಓಡಲ್ಲ. ಎರಡನ್ನೂ ಬರೆಸಿ, ಆದರೆ ಕೊನೆಯ ಮೂರು ವಾರ ಗಡಿಯಾರ ಇಟ್ಟುಕೊಂಡು ಹಳೇ ಸಿಇಟಿ ಪೇಪರ್ ಮಾತ್ರ ಮಾಡಿಸಿ.

ಕೊಪ್ಪದಿಂದ:
ಕಾಮೆಡ್‌ಕೆಗೆ ಬೇರೆ ಓದು ಬೇಡ. 3 ಗಂಟೆಗೆ 180 ಪ್ರಶ್ನೆ, ನೆಗೆಟಿವ್ ಇಲ್ಲ. ಆದರೆ ಅದು ಖಾಸಗಿ ಕಾಲೇಜುಗಳ ಸೀಟು. ಫೀಸು ಸಿಇಟಿ ಸೀಟಿಗಿಂತ ತುಂಬಾ ಜಾಸ್ತಿ. ನಾವು ರ‍್ಯಾಂಕ್ ಬಂದಮೇಲೆ ಫೀಸು ನೋಡಿ ಸುಮ್ಮನಾದೆವು. ಅರ್ಜಿ ದುಡ್ಡು ಹೋಯಿತು.

ಹೊಸನಗರದಿಂದ, ಪಿಯು ಪಾಠ ಮಾಡುವವಳು:
ಎಲ್ಲರೂ ಮರೆಯುವ ಮಾತೊಂದಿದೆ. ಸಿಇಟಿ ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ತೂಕ ಪಿಯುಸಿಯ ಪಿಸಿಎಂ ಅಂಕದ್ದು. ಜೆಇಇ ಹಿಂದೆ ಬಿದ್ದು ಬೋರ್ಡ್ ಪರೀಕ್ಷೆಯನ್ನು ಹಗುರ ಮಾಡಿಕೊಂಡವರನ್ನು ಪ್ರತಿ ವರ್ಷ ನೋಡುತ್ತೇನೆ. ಹಾಗಂತ ಜೆಇಇ ಬೇಡ ಅನ್ನಲ್ಲ. ಸುರತ್ಕಲ್‌ನ ಕೇಂದ್ರದ ಇಂಜಿನಿಯರಿಂಗ್ ಕಾಲೇಜು ಎನ್‌ಐಟಿಗೆ ಅದೇ ದಾರಿ, ಅಲ್ಲಿ ಅರ್ಧ ಸೀಟು ಕರ್ನಾಟಕದಲ್ಲಿ ಪಿಯುಸಿ ಮುಗಿಸಿದವರಿಗೆ. ಮೇನ್ ಎರಡು ಸಲ ಇರುತ್ತೆ, ಜನವರಿ ಮತ್ತು ಏಪ್ರಿಲ್. ಯಾವುದು ಜಾಸ್ತಿಯೋ ಅದೇ ಲೆಕ್ಕಕ್ಕೆ. ಜನವರಿಯದ್ದು ಬರುವಾಗ ಮನೆಯಲ್ಲಿ ಅಡಿಕೆ ಸುಲಿತ, ಕಾಲೇಜಿನಲ್ಲಿ ಪ್ರಾಕ್ಟಿಕಲ್ ಗಡಿಬಿಡಿ. ಅದನ್ನು ಅಭ್ಯಾಸ ಅಂತಲೇ ಬರೆಸಿ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತೆ, ಆದರೆ ಅರ್ಜಿ ಹಾಕುವಾಗಲೇ ಆರಿಸಬೇಕು.

ಇನ್ನೊಂದು. ಮಗಳು ಒಂದರಿಂದ ಹತ್ತು ಹಳ್ಳಿ ಶಾಲೆಯಲ್ಲೇ ಓದಿದ್ದಾಳಾ? ಸಿಇಟಿಯಲ್ಲಿ ಗ್ರಾಮೀಣ ಮೀಸಲು ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5. ಶಾಲೆಯ ದಾಖಲೆಯಲ್ಲಿ ಹೆಸರು, ವರ್ಷ ಸರಿ ಇದೆಯಾ ಅಂತ ಈಗಲೇ ನೋಡಿಸಿ. ಕೋಚಿಂಗಿಗಿಂತ ಇದು ದೊಡ್ಡದು, ಖರ್ಚೂ ಇಲ್ಲ.

ತೀರ್ಥಹಳ್ಳಿಯಿಂದ:
ಏಳನೇ ತನಕ ಊರ ಶಾಲೆ, ಹೈಸ್ಕೂಲೂ ಹಳ್ಳಿಯದ್ದೇ, ಕನ್ನಡ ಮಾಧ್ಯಮ. ನಾಳೆಯೇ ಹೋಗುತ್ತೇನೆ. "ಹನ್ನೊಂದು ಬಿಟ್ಟೆ" ಓದಿ ಮಗಳು ನಕ್ಕಳು. ಆಮೇಲೆ ಗಡಿಯಾರ ಕೇಳಿದಳು.

ಸಾಗರದಿಂದ:
ಒಂದು ಬಿಟ್ಟುಹೋಗಿತ್ತು. ಸಿಇಟಿ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸ್ ಆನ್‌ಲೈನ್‌ನಲ್ಲಿ ತುಂಬೋದು, ನಮಗೆ ಬಂದದ್ದು ಜಡಿಮಳೆಯಲ್ಲಿ. ಮೂರು ದಿನ ಕರೆಂಟಿಲ್ಲ, ಒಟಿಪಿಗೆ ಗುಡ್ಡ ಹತ್ತಬೇಕು. ಆಗ ಶಿವಮೊಗ್ಗದಲ್ಲಿ ಒಂದು ಮನೆ ಬೇಕಾಗುತ್ತೆ. ಆ ನೆಂಟರ ಜೊತೆ ಅಲ್ಲಿವರೆಗೆ ಜಗಳ ಮಾಡಿಕೊಳ್ಳಬೇಡಿ.