ಸಹಾಯ ಬೇಕು: ಮಾತ್ರೆ ಮುಗಿದ ಮೇಲೆ ಮತ್ತೆ ಬರುವ ಬಿವಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಮುಜುಗರದ ವಿಷಯ, ಆದರೂ ಕೇಳಿಬಿಡುತ್ತೇನೆ.

ಬ್ಯಾಕ್ಟೀರಿಯಲ್ ವಜೈನೋಸಿಸ್ (ಬಿವಿ, ಅಂದರೆ ಯೋನಿಯೊಳಗಿನ ಬ್ಯಾಕ್ಟೀರಿಯಾಗಳ ಸಮತೋಲನ ತಪ್ಪುವುದು) ನನಗೆ ಪದೇ ಪದೇ ಬರುತ್ತಿದೆ. ಮೆಟ್ರೊನಿಡಜೋಲ್ ಅನ್ನುವ ಆಂಟಿಬಯಾಟಿಕ್ ತೆಗೆದುಕೊಂಡರೆ ಪೂರ್ತಿ ಹೋಗುತ್ತದೆ. ಮುಂದಿನ ಮುಟ್ಟು ಮುಗಿಯುವಷ್ಟರಲ್ಲಿ ಅದೇ ಬೂದುಬಣ್ಣದ ತೆಳು ಸ್ರಾವ, ಅದೇ ಮೀನಿನ ವಾಸನೆ. ತುರಿಕೆ ಇಲ್ಲ. ಯೋನಿಯ ಪಿಎಚ್ (ಆಮ್ಲೀಯತೆಯ ಅಳತೆ) 4.5ಕ್ಕಿಂತ ಜಾಸ್ತಿ ಇತ್ತು, ಫಂಗಸ್ ಅಲ್ಲ ಅಂತ ಪರೀಕ್ಷೆಯಲ್ಲೇ ಗೊತ್ತಾಗಿದೆ.

ಕೆಟ್ಟ ಬ್ಯಾಕ್ಟೀರಿಯಾ ಸತ್ತರೆ ಸಾಲದು, ಯೋನಿಯ ಒಳ್ಳೆಯ ಬ್ಯಾಕ್ಟೀರಿಯಾ ಆದ ಲ್ಯಾಕ್ಟೋಬ್ಯಾಸಿಲಸ್ ವಾಪಸ್ ಬಂದು ನೆಲೆಯೂರಬೇಕು, ಅಲ್ವಾ? 2020ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಮೆಟ್ರೊನಿಡಜೋಲ್ ಜೆಲ್ ಆದ ಮೇಲೆ ಅದರದೇ ಒಂದು ಬಗೆಯಾದ ಲ್ಯಾಕ್ಟೋಬ್ಯಾಸಿಲಸ್ ಕ್ರಿಸ್ಪೇಟಸ್ ಅನ್ನು ಯೋನಿಯೊಳಗೇ ಹಾಕಿದ್ದರು. 12 ವಾರದೊಳಗೆ ಮರುಕಳಿಸಿದ್ದು 30% ಜನರಿಗೆ, ಡಮ್ಮಿ ಔಷಧ ಪಡೆದವರಲ್ಲಿ 45%. ಪವಾಡವೇನಲ್ಲ, ಆದರೂ ಆಸೆ ಹುಟ್ಟಿಸುತ್ತದೆ.

ಕ್ರಿಸ್ಪೇಟಸ್ ಇರುವ, ಒಳಗೆ ಇಡುವ ಕ್ಯಾಪ್ಸೂಲ್ ಯಾರಾದರೂ ಬಳಸಿದ್ದೀರಾ? ನುಂಗುವ ಪ್ರೊಬಯಾಟಿಕ್‌ನಿಂದ (ಒಳ್ಳೆಯ ಬ್ಯಾಕ್ಟೀರಿಯಾ ಇರುವ ಮಾತ್ರೆ) ನಿಜವಾಗಿ ಏನಾದರೂ ವ್ಯತ್ಯಾಸ ಆಯಿತಾ? ಇನ್ನೊಂದು, 2025ರ ಆಸ್ಟ್ರೇಲಿಯಾ ಅಧ್ಯಯನದಲ್ಲಿ ಬಿವಿ ಇರುವವರ ಗಂಡು ಸಂಗಾತಿಗೂ ಮಾತ್ರೆ ಮತ್ತು ಕ್ರೀಮ್ ಕೊಟ್ಟಾಗ ಮರುಕಳಿಸುವುದು 63%ರಿಂದ 35%ಕ್ಕೆ ಇಳಿದಿತ್ತು. ನಿಮ್ಮ ಡಾಕ್ಟರ್ ಇದಕ್ಕೆ ಒಪ್ಪಿದರಾ? ನನ್ನವರು ರೆಡಿ ಇದ್ದಾರೆ, ಡಾಕ್ಟರ್ ಹತ್ತಿರ ಮಾತೆತ್ತುವುದು ಹೇಗೆ ಅಂತ ಯೋಚಿಸುತ್ತಿದ್ದೇನೆ.

ಒಳಗೆಲ್ಲ ತೊಳೆದುಕೊಳ್ಳಿ ಅಂತ ಮಾತ್ರ ಹೇಳಬೇಡಿ, ಪ್ಲೀಸ್. ಅದರಿಂದ ಇರುವ ಒಳ್ಳೆಯ ಬ್ಯಾಕ್ಟೀರಿಯಾನೂ ಹೋಗುತ್ತದೆ. ಇಲ್ಲಿ ಬರೆಯಲು ಸಂಕೋಚ ಇದ್ದರೆ ಮೆಸೇಜ್ ಮಾಡಿ.