ತೂಕ ಮಾಡಿ ವಿಂಗಡಿಸಿಟ್ಟ ಪೆಲೆಟ್‌ಗಳ (ಏರ್ ರೈಫಲ್ ಗುಂಡು) ತೂಕವೇ ಬದಲಾಗಿದೆ, ಗ್ರೂಪ್ (ಗುಂಡುಗಳು ಒಂದೇ ಕಡೆ ಒತ್ತಾಗಿ ಬೀಳುವುದು) ಕೂಡ ಹಾಳು. ಯಾರಾದರೂ ಹೇಳಿ

ಆಲ್ದೂರ್‌ಕಾಫಿ
ತಲೆ ಕೆಟ್ಟುಹೋಗಿದೆ. ಮನೆಯ ಹಿಂದಿನ ರೂಮನ್ನು ಬೇಸಿಗೆಯಲ್ಲಿ ಪೂರ್ತಿ ಏರ್ ರೈಫಲ್‌ಗೆ ಅಂತಲೇ ಮಾಡಿಕೊಂಡೆ. ಟೇಬಲ್, ಲೈಟು, ರ್‍ಯಾಕು, ಪೆಲೆಟ್ ಇಡಲು ಖಾನೆ ಖಾನೆ. 8.2 ಗ್ರೇನ್ ಮ್ಯಾಚ್ ಪೆಲೆಟ್‌ಗಳನ್ನು ಒಂದೊಂದಾಗಿ ತೂಗಿ 0.530, 0.532, 0.534 ಗ್ರಾಂ ಅಂತ ಚೀಟಿ ಅಂಟಿಸಿ ಇಟ್ಟಿದ್ದೆ. ಮಳೆ ಶುರುವಾದ ಮೇಲೆ ಆ ಕಡೆ ಹೋಗಿರಲಿಲ್ಲ. ಈಗ ತೆಗೆದು ನೋಡಿದರೆ 0.530 ಖಾನೆಯದ್ದು 0.533, 0.535, ಒಂದೆರಡು 0.537 ತೋರಿಸುತ್ತಿವೆ. ಹತ್ತು ಮೀಟರ್‌ನಲ್ಲಿ ಒಂದೇ ತೂತು ಮಾಡುತ್ತಿದ್ದ ರೈಫಲ್ ಈಗ ಚೆಲ್ಲಾಪಿಲ್ಲಿ. ತೂಕದ ಮಷಿನ್ ಕೈಕೊಟ್ಟಿದೆ ಅನ್ನಿಸುತ್ತದೆ. ಒಂದು ಮಿಲಿಗ್ರಾಂವರೆಗೂ ಸರಿಯಾಗಿ ತೋರಿಸುವ ಒಳ್ಳೆ ಮಷಿನ್ ಯಾವುದು ಅಂತ ಮಾತ್ರ ಹೇಳಿ ಸಾಕು.

ಹತ್ತುಮೀಟರ್_ಹಾಸನ
ಫ್ಯಾನ್ ಆಫ್ ಮಾಡಿ ತೂಗಿ. ನೂರಕ್ಕೆ ತೊಂಬತ್ತು ಸಲ ಫ್ಯಾನ್ ಗಾಳಿಯೇ ಕಾರಣ. ಮಷಿನ್ ಆನ್ ಮಾಡಿ ಅರ್ಧ ಗಂಟೆ ಬಿಡಿ, ಆಮೇಲೆ ಕ್ಯಾಲಿಬ್ರೇಟ್ ಮಾಡಿ. ಟೇಬಲ್ ಅಲ್ಲಾಡಬಾರದು.

ಆಲ್ದೂರ್‌ಕಾಫಿ
ಮಳೆಗಾಲದಲ್ಲಿ ಆಲ್ದೂರಿನಲ್ಲಿ ಫ್ಯಾನ್ ಹಾಕುವವರು ಯಾರು ಸರ್? ಕಂಬಳಿ ಹೊದ್ದು ಕೂತಿದ್ದೇನೆ. 20 ಗ್ರಾಂ ಕಲ್ಲು ಇಟ್ಟರೆ ಸರಿಯಾಗಿ 20.000 ತೋರಿಸುತ್ತದೆ. ಪೆಲೆಟ್ ಇಟ್ಟಾಗ ಮಾತ್ರ ಜಾಸ್ತಿ.

ಬೇಲೂರ್_ಬೋರ್
20 ಗ್ರಾಂ ಸರಿ ಬಂದ ಮಾತ್ರಕ್ಕೆ ಅರ್ಧ ಗ್ರಾಂ ಸರಿ ಅಂತ ಅಲ್ಲ. ಅಗ್ಗದ ಮಷಿನ್‌ಗಳು ಕೆಳಗಿನ ತೂಕದಲ್ಲಿ ಸುಳ್ಳು ಹೇಳುತ್ತವೆ. 500 ಮಿಲಿಗ್ರಾಂ ಕಲ್ಲು ತರಿಸಿ. ಪಕ್ಕದಲ್ಲಿ ಇನ್ವರ್ಟರ್ ಇದೆಯಾ? ಅದೂ ಕಾಟ ಕೊಡುತ್ತದೆ.

ಆಲ್ದೂರ್‌ಕಾಫಿ
ಇನ್ವರ್ಟರ್ ಇದೆ, ಆದರೆ ಗೋಡೆಯ ಆಚೆ.

ಬೇಲೂರ್_ಬೋರ್
ಗೋಡೆ ಏನು ತಡೆಯುತ್ತದೆ? ಆಫ್ ಮಾಡಿ ನೋಡಿ.

ಹತ್ತುಮೀಟರ್_ಹಾಸನ
ಇನ್ವರ್ಟರ್ ಕಾರಣ ಆಗಿದ್ದರೆ 20 ಗ್ರಾಂ ಕಲ್ಲೂ ಕುಣಿಯಬೇಕಿತ್ತು, ಅಲ್ವಾ? ಪ್ಲಾಸ್ಟಿಕ್ ಟ್ರೇಯಿಂದ ಸ್ಟ್ಯಾಟಿಕ್ ಬಂದಿರಬಹುದು.

ಬೇಲೂರ್_ಬೋರ್
ಈ ಮಳೆಯಲ್ಲಿ ಸ್ಟ್ಯಾಟಿಕ್ಕಾ? ಸ್ಟ್ಯಾಟಿಕ್ ಬರಬೇಕಾದರೆ ಗಾಳಿ ಒಣಗಿರಬೇಕು ಸರ್. ಸುಮ್ನೆ ಏನೋ ಹೇಳಬೇಡಿ.

ಅರಸೀಕೆರೆತೆಂಗು
ನಮ್ಮ ಕಡೆ ಈ ರಗಳೆಯೇ ಇಲ್ಲ. ಹಳೇ ಕೊಬ್ಬರಿ ಗೋಡೌನನ್ನು ರೇಂಜ್ ಮಾಡಿಕೊಂಡಿದ್ದೇನೆ. ಹತ್ತು ಮೀಟರ್ ಆಗಿ ಇನ್ನೂ ಜಾಗ ಉಳಿದಿದೆ. ಟಾರ್ಗೆಟ್ ನಡುಭಾಗ ನೆಲದಿಂದ ಸರಿಯಾಗಿ 1.4 ಮೀಟರ್. ಟಾರ್ಗೆಟ್ ಮೇಲೆ ಎಲ್‌ಇಡಿ ಪಟ್ಟಿ, ಹಿಂದೆ ಐದು ಮಿಲಿಮೀಟರ್ ಕಬ್ಬಿಣದ ಹಾಳೆಯ ಪೆಲೆಟ್ ಟ್ರ್ಯಾಪ್. ಟ್ರ್ಯಾಪ್ ಒಳಗೆ ಪುಟ್ಟಿ ಮೆತ್ತಿದ್ದೇನೆ, ಪೆಲೆಟ್ ಸಿಡಿದು ವಾಪಸ್ ಬರುವುದಿಲ್ಲ. ಯಾರಾದರೂ ಈ ಕಡೆ ಬಂದರೆ ನೋಡಿಕೊಂಡು ಹೋಗಿ.

ಹತ್ತುಮೀಟರ್_ಹಾಸನ
ಅಣ್ಣ, ಫೋಟೋ ಹಾಕಿ. ಪುಟ್ಟಿ ಎಷ್ಟು ದಪ್ಪ?

ಅರಸೀಕೆರೆತೆಂಗು
ಎರಡು ಇಂಚು. ಫೋಟೋ ಸಂಜೆ ಹಾಕುತ್ತೇನೆ.

ಆಲ್ದೂರ್‌ಕಾಫಿ
ನನ್ನ ಸಮಸ್ಯೆ ಎಲ್ಲಿ ಹೋಯಿತು ಮಾರಾಯ್ರೆ? ಇನ್ವರ್ಟರ್ ಆಫ್ ಮಾಡಿದೆ, ಅದೇ ತೂಕ. ಮಷಿನ್ ಅಡುಗೆಮನೆಗೆ ಒಯ್ದು ಕಲ್ಲಿನ ಕಟ್ಟೆ ಮೇಲೆ ಇಟ್ಟು ತೂಗಿದೆ, ಅಲ್ಲೂ ಅದೇ.

ಸಕಲೇಶಪುರ_ತೋಟ
ಪೆಲೆಟ್ ಅಡುಗೆಮನೆಗೆ ಒಯ್ಯಬೇಡಿ. ಅದು ಸೀಸ. ಕಟ್ಟೆ ಸೋಪು ಹಾಕಿ ಒರೆಸಿ, ಒರೆಸಿದ ಬಟ್ಟೆ ಎಸೆಯಿರಿ.
ಈಗ ವಿಷಯಕ್ಕೆ ಬರೋಣ. ಸೀಲ್ ಒಡೆಯದ ಹೊಸ ಡಬ್ಬಿ ಯಾವುದಾದರೂ ಇದೆಯಾ? ಅದರಿಂದ ಇಪ್ಪತ್ತು ಪೆಲೆಟ್ ತೆಗೆದು ತೂಗಿ.

ಆಲ್ದೂರ್‌ಕಾಫಿ
ಇದೆ. ಕಬ್ಬಿಣದ ರ್‍ಯಾಕ್ ಮೇಲೆ ಎರಡು ಡಬ್ಬಿ ಹಾಗೇ ಇವೆ. ತೂಗಿದೆ. 0.529ರಿಂದ 0.533ರ ಒಳಗೆ ಬಂತು, ಮೊದಲು ಬರುತ್ತಿದ್ದ ಹಾಗೆಯೇ. ಇದು ಇನ್ನೂ ವಿಚಿತ್ರ. ಹೊಸ ಪೆಲೆಟ್‌ಗೆ ಸರಿ ತೋರಿಸುವ ಮಷಿನ್ ಹಳೆಯದಕ್ಕೆ ಯಾಕೆ ತಪ್ಪು ತೋರಿಸುತ್ತದೆ?

ಸಕಲೇಶಪುರ_ತೋಟ
ಮಷಿನ್ ಸರಿಯಾಗಿದೆ ಅಂತ ಅರ್ಥ. ಹಳೆಯ ಪೆಲೆಟ್ ನಿಜವಾಗಿಯೂ ಭಾರ ಆಗಿವೆ. ಅವು ನೋಡಲು ಹೇಗಿವೆ?

ಬೇಲೂರ್_ಬೋರ್
ಭಾರ ಆಗಿದ್ದು ಎಣ್ಣೆಯಿಂದ. ಪೆಲೆಟ್‌ಗೆ ಎಣ್ಣೆ ಹಾಕಿ ಇಟ್ಟಿರಬೇಕು. ನಾನು ಎಷ್ಟು ಸಲ ಹೇಳಿದ್ದೇನೆ, ಪಿಸಿಪಿ (ಸಿಲಿಂಡರ್‌ನಲ್ಲಿ ಮೊದಲೇ ಗಾಳಿ ತುಂಬಿಡುವ) ಮ್ಯಾಚ್ ರೈಫಲ್‌ಗೆ ಎಣ್ಣೆ ಹಚ್ಚಿದ ಪೆಲೆಟ್ ಬೇಡ ಅಂತ.

ಆಲ್ದೂರ್‌ಕಾಫಿ
ಎಣ್ಣೆ ಮುಟ್ಟಿಸಿಲ್ಲ. ಮೇಲೆ ಸ್ವಲ್ಪ ಬಿಳಿ ಧೂಳು ಕೂತಿದೆ ಅಷ್ಟೆ. ರೂಮಿನ ಗೋಡೆಗೆ ಸುಣ್ಣ ಹೊಡೆಸಿದ್ದೆ, ಅದು ಉದುರಿದೆ. ಊದಿದರೆ ಹೋಗುತ್ತದೆ.

ಲ್ಯಾಬ್‌ಮೇಷ್ಟ್ರು
ಊದಬೇಡಿ! ದಯವಿಟ್ಟು ಊದಬೇಡಿ. ಮೂಗಿಗೆ ಏನೂ ಕಟ್ಟಿಕೊಳ್ಳದೆ ಆ ಖಾನೆ ಮತ್ತೆ ತೆಗೆಯಬೇಡಿ. ಒಂದು ಪ್ರಶ್ನೆ. ಖಾನೆ ಮುಚ್ಚಿರುತ್ತದೆ ತಾನೇ? ಮುಚ್ಚಿದ ಖಾನೆಯೊಳಗೆ ಗೋಡೆಯ ಸುಣ್ಣ ಹೇಗೆ ಹೋಯಿತು? ಆ ರ್‍ಯಾಕ್ ಮೇಲಿನ ಡಬ್ಬಿಗಳ ಮೇಲೂ ಸುಣ್ಣ ಬಿದ್ದಿದೆಯಾ?

ಆಲ್ದೂರ್‌ಕಾಫಿ
ಡಬ್ಬಿ ಮೇಲೆ ಇಲ್ಲ.

ಲ್ಯಾಬ್‌ಮೇಷ್ಟ್ರು
ಖಾನೆ ಯಾವುದರದ್ದು? ಪ್ಲಾಸ್ಟಿಕ್ಕಾ, ಮರವಾ?

ಆಲ್ದೂರ್‌ಕಾಫಿ
ಮರ. ಅದು ಹೇಳಲಿಲ್ಲವಾ? ತೋಟದಲ್ಲಿ ಬಿದ್ದಿದ್ದ ಸಿಲ್ವರ್ ಓಕ್ ಕುಯ್ಸಿ ಆಚಾರಿ ಹತ್ತಿರ ಮಾಡಿಸಿದ್ದು. ತಳಕ್ಕೆ ಪ್ಲೈವುಡ್. ಸೊಗಸಾಗಿ ಬಂದಿದೆ, ಮೂವತ್ತಾರು ಖಾನೆ. ಮಳೆಗಾಲದ ತೇವ ಒಳಗೆ ಹೋಗದಿರಲಿ ಅಂತ ಸಂದಿಗೆಲ್ಲ ಸಿಲಿಕೋನ್ ಹೊಡೆಸಿ, ಮುಚ್ಚಳಕ್ಕೆ ರಬ್ಬರ್ ಪಟ್ಟಿ ಹಾಕಿಸಿದ್ದೇನೆ. ಒಂದು ಹನಿ ನೀರು ಒಳಗೆ ಹೋಗಲ್ಲ.

ಲ್ಯಾಬ್‌ಮೇಷ್ಟ್ರು
ಮುಚ್ಚಳ ತೆಗೆದಾಗ ಹುಳಿ ವಾಸನೆ ಬರುತ್ತದೆಯಾ?

ಆಲ್ದೂರ್‌ಕಾಫಿ
ಬರುತ್ತದೆ. ಪಕ್ಕದಲ್ಲೇ ನಮ್ಮ ಪಲ್ಪರ್ ಮನೆ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಜಾಗ) ಇದೆಯಲ್ಲ, ಅದರ ವಾಸನೆ.

ಸಕಲೇಶಪುರ_ತೋಟ
ಸೆಪ್ಟೆಂಬರ್‌ನಲ್ಲಿ ಪಲ್ಪಿಂಗ್ ಮಾಡುವವರು ಯಾರು ಸ್ವಾಮಿ? ಅರೇಬಿಕಾ ಹಣ್ಣಾಗುವುದೇ ನವೆಂಬರ್ ಹೊತ್ತಿಗೆ. ನಿಮ್ಮ ಪಲ್ಪರ್ ಈಗ ತುಕ್ಕು ಹಿಡಿದು ಮಲಗಿರಬೇಕು.

ಲ್ಯಾಬ್‌ಮೇಷ್ಟ್ರು
ಸರಿಯಾಗಿ ಕೇಳಿದಿರಿ. ಆ ವಾಸನೆ ಅಸಿಟಿಕ್ ಆಸಿಡ್‌ದು, ಅಂದರೆ ವಿನಿಗರ್‌ನಲ್ಲಿ ಇರುವುದೇ. ಯಾವ ಮರವಾದರೂ ಅದನ್ನು ಸ್ವಲ್ಪ ಸ್ವಲ್ಪ ಬಿಡುತ್ತಲೇ ಇರುತ್ತದೆ. ಮರ ಹೊಸದಾಗಿ, ಹಸಿಯಾಗಿ ಇದ್ದರೆ ಜಾಸ್ತಿ. ತೇವ ಇದ್ದರೆ ಇನ್ನೂ ಜಾಸ್ತಿ. ಪ್ಲೈವುಡ್ಡೂ ಬಿಡುತ್ತದೆ, ಬಿಳಿ ಮರದಂಟೂ ಬಿಡುತ್ತದೆ. ಸಾಮಾನ್ಯ ಸಿಲಿಕೋನ್ ಇದೆಯಲ್ಲ, ಹೊಡೆದ ಹೊಸದರಲ್ಲಿ ಮೂಗಿಗೆ ಘಾಟು ಹೊಡೆಯುತ್ತದಲ್ಲ, ಅದೂ ಒಣಗುವಾಗ ಇದೇ ಆಸಿಡ್ ಬಿಡುತ್ತದೆ. ನೀವು ಇದನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ ಸೇರಿಸಿ, ಆವಿ ಹೊರಗೆ ಹೋಗದ ಹಾಗೆ ರಬ್ಬರ್ ಹಾಕಿ ಮುಚ್ಚಿದ್ದೀರಿ.

ಅಸಿಟಿಕ್ ಆಸಿಡ್ ಆವಿ ಸೀಸವನ್ನು ತಿನ್ನುತ್ತದೆ. ಮೊದಲು ಲೆಡ್ ಅಸಿಟೇಟ್ ಆಗುತ್ತದೆ. ಆಮೇಲೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಮತ್ತು ತೇವ ಸೇರಿ ಬಿಳಿ ಲೆಡ್ ಕಾರ್ಬೊನೇಟ್ ಆಗುತ್ತದೆ. ಆಗ ಆಸಿಡ್ ಮತ್ತೆ ಬಿಡುಗಡೆಯಾಗಿ ಮುಂದಿನ ಪದರ ತಿನ್ನಲು ಹೋಗುತ್ತದೆ. ಸ್ವಲ್ಪ ಆಸಿಡ್ ಇದ್ದರೂ ತುಂಬ ದಿನ ಕೆಲಸ ನಡೆಯುವುದು ಹೀಗೆ. ಹಿಂದಿನ ಕಾಲದಲ್ಲಿ ಯುರೋಪಿನಲ್ಲಿ ಪೇಂಟಿಗೆ ಹಾಕುವ ಬಿಳಿ ಸೀಸ ಮಾಡುತ್ತಿದ್ದದ್ದೂ ಹೀಗೆಯೇ. ಮಡಕೆಯಲ್ಲಿ ವಿನಿಗರ್, ಮೇಲೆ ಸೀಸದ ತಗಡು, ಸುತ್ತ ಬಿಸಿಗೆ ಸಗಣಿ ಗೊಬ್ಬರ. ನಿಮ್ಮ ಮೂವತ್ತಾರು ಖಾನೆಯ ಪೆಟ್ಟಿಗೆ ಅಂಥದ್ದೇ ಒಂದು ಕಾರ್ಖಾನೆ, ಸಗಣಿ ಒಂದು ಇಲ್ಲ.

ತೂಕದ ಲೆಕ್ಕವೂ ಇದರಲ್ಲೇ ಸಿಗುತ್ತದೆ. ನೂರು ಮಿಲಿಗ್ರಾಂ ಸೀಸ ಪೂರ್ತಿ ಈ ಬಿಳಿ ಪುಡಿಯಾದರೆ ಸುಮಾರು 125 ಮಿಲಿಗ್ರಾಂ ತೂಗುತ್ತದೆ. ನಿಮ್ಮ ಪೆಲೆಟ್ ನಾಲ್ಕು ಮಿಲಿಗ್ರಾಂ ಜಾಸ್ತಿ ಆಗಬೇಕಾದರೆ ಹದಿನಾರು ಮಿಲಿಗ್ರಾಂ ಸೀಸ ಪುಡಿಯಾಗಿದ್ದರೆ ಸಾಕು.

ಹತ್ತುಮೀಟರ್_ಹಾಸನ
ಮೇಷ್ಟ್ರೇ, ನಮಸ್ಕಾರ. ಗ್ರೂಪ್ ಹಾಳಾಗಿದ್ದಕ್ಕೂ ಇದೇ ಕಾರಣ ಇರಬೇಕು. ತೆಳ್ಳಗಿರುವ ಸ್ಕರ್ಟ್ (ಪೆಲೆಟ್‌ನ ಹಿಂದಿನ ಅಂಚು) ಭಾಗ ಮೊದಲು ತಿಂದು ಹೋಗಿರುತ್ತದೆ. ತಲೆ ಅಳತೆ 4.50 ಮಿಲಿಮೀಟರ್ ಅಂತ ಆರಿಸಿಟ್ಟಿದ್ದು ಮೇಲಿನ ಪದರದಿಂದ ದಪ್ಪಗಾಗಿರುತ್ತದೆ. ಬ್ಯಾರಲ್ ಒಳಗೂ ಪುಡಿ ಕೂತಿರುತ್ತದೆ.

ಬೇಲೂರ್_ಬೋರ್
ಇದೆಲ್ಲ ಜಾಸ್ತಿ ಆಯಿತು. ನಮ್ಮ ಮನೆಯಲ್ಲಿ ಪೆಲೆಟ್ ಬೀಟೆ ಪೆಟ್ಟಿಗೆಯಲ್ಲೇ ಇರುವುದು, ಏನೂ ಆಗಿಲ್ಲ. ಮಲೆನಾಡಿನ ತೇವಕ್ಕೆ ಸೀಸ ಬೂಷ್ಟು ಹಿಡಿಯುತ್ತದೆ ಅಷ್ಟೆ. ಒಂದು 40 ವ್ಯಾಟ್ ಬಲ್ಬು ಹಾಕಿಟ್ಟರೆ ಮುಗಿಯಿತು.

ಲ್ಯಾಬ್‌ಮೇಷ್ಟ್ರು
ಬೂಷ್ಟು ಸೀಸಕ್ಕೆ ಹಿಡಿಯುವುದಿಲ್ಲ ಸರ್. ಬರೀ ತೇವವೇ ಕಾರಣ ಆಗಿದ್ದರೆ ಅದೇ ರೂಮಿನ ಕಬ್ಬಿಣದ ರ್‍ಯಾಕ್ ಮೇಲಿನ ಡಬ್ಬಿ ಯಾಕೆ ಚೆನ್ನಾಗಿದೆ? ನಿಮ್ಮ ಬೀಟೆ ಪೆಟ್ಟಿಗೆ ಎಷ್ಟು ಹಳೆಯದು? ಅದರಲ್ಲಿ ಪೆಲೆಟ್ ಬಿಡಿಬಿಡಿಯಾಗಿದೆಯಾ, ತಗಡಿನ ಡಬ್ಬಿಯೊಳಗಿದೆಯಾ?

ಬೇಲೂರ್_ಬೋರ್
ಅಜ್ಜನ ಕಾಲದ್ದು. ಡಬ್ಬಿಯಲ್ಲೇ ಇದೆ. ಆದರೂ ಬಲ್ಬಿನ ಮಾತು ನಾನು ಬಿಡುವುದಿಲ್ಲ.

ಲ್ಯಾಬ್‌ಮೇಷ್ಟ್ರು
ಹೊಸ ಮರದ ಪೆಟ್ಟಿಗೆಗೆ ಬಲ್ಬು ಹಾಕಿದರೆ ಬಿಸಿಗೆ ಆವಿ ಇನ್ನೂ ಬೇಗ ಹೊರಗೆ ಬರುತ್ತದೆ. ಬಟ್ಟೆ ಬೀರುವಿಗೆ, ಕ್ಯಾಮೆರಾಗೆ ಬಲ್ಬು ಸರಿ. ಇದಕ್ಕೆ ಬೇಡ.
ವಸ್ತುಸಂಗ್ರಹಾಲಯದವರು ಸೀಸದ ನಾಣ್ಯ, ಮುದ್ರೆಗಳನ್ನು ಇಂಥ ಮರದ ಪೆಟ್ಟಿಗೆಯಲ್ಲಿ ಇಡುವುದಿಲ್ಲ. ಬ್ರಿಟಿಷ್ ಮ್ಯೂಸಿಯಂನಲ್ಲಿ 1973ರಲ್ಲಿ ಇದಕ್ಕೆಂದೇ ಒಂದು ಪರೀಕ್ಷೆ ಶುರು ಮಾಡಿದರು, ಆಡಿ ಪರೀಕ್ಷೆ ಅಂತ. ಮರದ ಚೂರು, ಸೀಸದ ಚೂರು, ಸ್ವಲ್ಪ ನೀರು ಒಂದು ಬಿಗಿ ಬಾಟಲಿಯಲ್ಲಿ ಹಾಕಿ 60 ಡಿಗ್ರಿಯಲ್ಲಿ 28 ದಿನ ಇಡುತ್ತಾರೆ. ಸೀಸ ಬೆಳ್ಳಗಾದರೆ ಆ ಮರ ಬೇಡ.

ಆಲ್ದೂರ್‌ಕಾಫಿ
ಆಚಾರಿಗೆ ಕೊಟ್ಟ ದುಡ್ಡು ನೆನೆದರೆ ಹೊಟ್ಟೆ ಉರಿಯುತ್ತದೆ. ಸರಿ, ಈ ಪೆಲೆಟ್ ತೊಳೆದು ಬಳಸಬಹುದಾ? ಯಾರೋ ವಿನಿಗರ್ ನೀರಿನಲ್ಲಿ ತೊಳೆದರೆ ಹೊಳಪು ಬರುತ್ತದೆ ಅಂದರು.

ಲ್ಯಾಬ್‌ಮೇಷ್ಟ್ರು
ಅಂದವರ ಹೆಸರು ಬೇಡ, ಆದರೆ ಅವರ ಮಾತು ಕೇಳಬೇಡಿ. ವಿನಿಗರ್ ಹಾಕಿದರೆ ಲೆಡ್ ಅಸಿಟೇಟ್ ನೀರಿನಲ್ಲಿ ಕರಗಿ ಬರುತ್ತದೆ. ಅದು ವಿಷ, ನೋಡಲು ನೀರಿನ ಹಾಗೇ ಇರುತ್ತದೆ. ಬಚ್ಚಲಿಗೆ ಚೆಲ್ಲಿದರೆ ತೋಟಕ್ಕೆ ಹೋಗುತ್ತದೆ.
ಬೆಳ್ಳಗಾದದ್ದನ್ನು ಬಳಸಲೇಬೇಡಿ. ಗ್ಲೌಸ್, ಎನ್95 ಮಾಸ್ಕ್ ಹಾಕಿ. ಒದ್ದೆ ಬಟ್ಟೆಯಿಂದ ಎತ್ತಿ, ಮುಚ್ಚಳ ಗಟ್ಟಿ ಇರುವ ಡಬ್ಬಿಗೆ ತುಂಬಿ, ಮೇಲೆ ಸೀಸ ಅಂತ ಬರೆಯಿರಿ. ಪೊರಕೆ ಬೇಡ, ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಎರಡೂ ಪುಡಿಯನ್ನು ಗಾಳಿಗೆ ಏಳಿಸುತ್ತವೆ. ಮಕ್ಕಳು ಆ ರೂಮಿಗೆ ಬರಬಾರದು. ಕಾಫಿ ಲೋಟ ಆ ಟೇಬಲ್ ಮೇಲೆ ಇಡಬಾರದು. ಕೆಲಸ ಆದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಸ್ಯಾನಿಟೈಸರ್‌ಗೆ ಸೀಸ ಹೋಗುವುದಿಲ್ಲ.

ಅರಸೀಕೆರೆತೆಂಗು
ಎಸೆಯುವುದು ಯಾಕೆ, ಕರಗಿಸಿ ಗಾಳಕ್ಕೆ ಗುಂಡು ಮಾಡಬಹುದಲ್ಲ?

ಸಕಲೇಶಪುರ_ತೋಟ
ಮನೆಯಲ್ಲಿ ಸೀಸ ಕರಗಿಸುವ ಮಾತು ಎತ್ತಬೇಡಿ ಅಣ್ಣ. ಇಷ್ಟು ಹೊತ್ತು ಮೇಷ್ಟ್ರು ಹೇಳಿದ್ದು ಏನು?
ತೇವದ ಮಾತಿಗೆ ಒಂದು ನೆನಪು. ನಮ್ಮ ತಂದೆಯ ಹತ್ತಿರ ಲೈಸೆನ್ಸ್ ಇದ್ದ ಜೋಡಿ ನಳಿಗೆಯ 12 ಬೋರ್ ಇತ್ತು. ಆಗ ಕಾಗದದ ತೋಟಾ. ಆಷಾಢದಲ್ಲಿ ಊದಿಕೊಂಡು ನಳಿಗೆಗೆ ಇಳಿಯುತ್ತಲೇ ಇರಲಿಲ್ಲ. ಅಕ್ಕಿ ಡಬ್ಬದಲ್ಲಿ ಹೂತಿಡುತ್ತಿದ್ದರು.

ಬೇಲೂರ್_ಬೋರ್
ಆ ಖಾಲಿ ತೋಟಾ ಮತ್ತೆ ತುಂಬಿಸುತ್ತಿದ್ದರಾ? ಅದರ ಸಾಮಾನು ಈಗಲೂ ಸಿಗುತ್ತದೆಯಾ? ಒಂದು ರೂಮು ಖಾಲಿ ಇದೆ.

ನಿರ್ವಾಹಕ
ಆ ಚರ್ಚೆ ಇಲ್ಲಿ ಬೇಡ. 1959ರ ಆರ್ಮ್ಸ್ ಆಕ್ಟ್ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಈ ವಿಭಾಗ 0.177 ಇಂಚು ಬೋರ್‌ನ, ಗುಂಡಿನ ಶಕ್ತಿ 20 ಜೂಲ್ ಮೀರದ ಏರ್ ಗನ್‌ಗೆ ಮಾತ್ರ. 2016ರ ನಿಯಮದಲ್ಲಿ ಲೈಸೆನ್ಸ್ ಬೇಡ ಅಂತ ಬಿಟ್ಟಿರುವುದು ಅಷ್ಟನ್ನೇ.

ಬೇಲೂರ್_ಬೋರ್
ಸುಮ್ನೆ ಕೇಳಿದೆ ಸರ್.

ಆಲ್ದೂರ್‌ಕಾಫಿ
ಮೇಷ್ಟ್ರು ಹೇಳಿದ ಹಾಗೆ ಎಲ್ಲ ತೆಗೆದು ಡಬ್ಬಿಗೆ ತುಂಬಿದೆ. ತಳದ ಪ್ಲೈವುಡ್ ಮೇಲೆ ಪೆಲೆಟ್ ಕೂತಿದ್ದ ಕಡೆ ಪುಟ್ಟ ಪುಟ್ಟ ಬಿಳಿ ಉಂಗುರಗಳು, ಸಾಲಾಗಿ. ಸಿಲಿಕೋನ್ ಹೊಡೆದ ಮೂಲೆಯ ಖಾನೆಗಳು ಎಲ್ಲಕ್ಕಿಂತ ಕೆಟ್ಟಿವೆ, ನಡುವಿನವು ಅಷ್ಟಿಲ್ಲ. ಮರಕ್ಕೆ ವಾರ್ನಿಶ್ ಹೊಡೆದು ಮತ್ತೆ ಬಳಸಬಹುದಾ? ಬಿಸಾಡಲು ಮನಸ್ಸು ಬರುತ್ತಿಲ್ಲ.

ಲ್ಯಾಬ್‌ಮೇಷ್ಟ್ರು
ವಾರ್ನಿಶ್‌ನಿಂದ ಆವಿ ಕಡಿಮೆ ಆಗಬಹುದು, ನಿಲ್ಲುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಸ್ಕ್ರೂಡ್ರೈವರ್, ಟಾರ್ಗೆಟ್ ಕಾಗದ ಇಡಿ. ಅಡುಗೆ ಸಾಮಾನು ಮಾತ್ರ ಬೇಡ. ಪೆಲೆಟ್‌ಗೆ ಪಾಲಿಪ್ರೊಪಿಲೀನ್ ಡಬ್ಬಿ ಅಥವಾ ಅವು ಬಂದ ತಗಡಿನ ಡಬ್ಬಿಯೇ ಸಾಕು. ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಬಣ್ಣ ಬದಲಾಗುವಂಥದ್ದು. ಸಿಲಿಕೋನ್ ಬೇಕೇ ಬೇಕು ಅಂದರೆ ನ್ಯೂಟ್ರಲ್ ಕ್ಯೂರ್ ಅಂತ ಕೇಳಿ ತನ್ನಿ, ಅದು ಅಸಿಟಿಕ್ ಆಸಿಡ್ ಬಿಡುವುದಿಲ್ಲ.

ಹತ್ತುಮೀಟರ್_ಹಾಸನ
ಬ್ಯಾರಲ್‌ಗೆ ಎರಡು ಫೆಲ್ಟ್ ಪೆಲೆಟ್ (ನಳಿಗೆ ಒರೆಸುವ ಉಣ್ಣೆಯ ಉಂಡೆ) ಓಡಿಸಿ, ಆಮೇಲೆ ಹೊಸ ಡಬ್ಬಿಯಿಂದ ಹತ್ತು ಶಾಟ್ ಹೊಡೆದು ಕಾರ್ಡ್ ಫೋಟೋ ಹಾಕಿ. ತೂಕ ಮಾಡಿ ವಿಂಗಡಿಸುವುದೇ ವ್ಯರ್ಥ ಅಂತ ನನ್ನ ಅಭಿಪ್ರಾಯ. ಒಳ್ಳೆ ಮ್ಯಾಚ್ ಪೆಲೆಟ್‌ನಲ್ಲಿ ಒಂದೆರಡು ಮಿಲಿಗ್ರಾಂ ವ್ಯತ್ಯಾಸ ಹತ್ತು ಮೀಟರ್‌ನಲ್ಲಿ ಕಾಣುವುದೇ ಇಲ್ಲ. ತಲೆ ಅಳತೆ ನೋಡಿ ಬ್ಯಾಚ್ ಆರಿಸಿ ಸಾಕು.

ಬೇಲೂರ್_ಬೋರ್
ಯಾರು ಹೇಳಿದ್ದು ಕಾಣುವುದಿಲ್ಲ ಅಂತ? ರೈಫಲ್ ಟಾರ್ಗೆಟ್‌ನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್. ಅಲ್ಲಿ ಎಲ್ಲವೂ ಕಾಣುತ್ತದೆ.

ಹತ್ತುಮೀಟರ್_ಹಾಸನ
ನಿಮ್ಮ ಕೈ ನಡುಕ ಕಾಣುತ್ತದೆ, ಮಿಲಿಗ್ರಾಂ ಅಲ್ಲ.

ಅರಸೀಕೆರೆತೆಂಗು
ಫೋಟೋ ಹಾಕಿದ್ದೇನೆ, ನೋಡಿ. ಎಡಗಡೆ ಕಾಣುವುದು ಹಳೇ ಕೊಬ್ಬರಿ ಅಟ್ಟ. ಅಂದ ಹಾಗೆ, ಹ್ಯಾಂಡ್ ಪಂಪ್‌ನಲ್ಲಿ ಸಿಲಿಂಡರ್‌ಗೆ 200 ಬಾರ್ ತುಂಬಿಸುವಾಗ ನೀರಿನ ಹನಿ ಬರುತ್ತಿದೆ. ಯಾರಿಗಾದರೂ ಹೀಗಾಗಿದೆಯಾ?

ನಿರ್ವಾಹಕ
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ ಅಣ್ಣ. ಪಂಪ್ ಯಾವುದು, ಫಿಲ್ಟರ್ ಇದೆಯಾ ಇಲ್ಲವಾ ಅಂತ ಮೊದಲೇ ಬರೆಯಿರಿ.

ಅರಸೀಕೆರೆತೆಂಗು
ಮಾಮೂಲಿ ಪಂಪೇ ಸರ್.