ಅಪ್‌ಡೇಟ್: ಈವಿಯೋ ಸೈಕಲ್ಸೋ, ಕೊನೆಗೆ ಎರಡೂ

ಅಡುಗೆಮನೆಯ ಡಿಸೈನ್‌ಗೆ 3ಡಿ ಸಾಫ್ಟ್‌ವೇರ್ ಬ್ಲೆಂಡರ್‌ನ ಎರಡು ರೆಂಡರ್ ಎಂಜಿನ್‌ಗಳಲ್ಲಿ (3ಡಿ ಮಾದರಿಯಿಂದ ಚಿತ್ರ ತಯಾರಿಸುವ ಭಾಗಗಳು) ವೇಗದ ಈವಿ ಸಾಕಾ, ನಿಧಾನವಾದರೂ ನಿಖರವಾದ ಸೈಕಲ್ಸ್ ಬೇಕಾ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ದೀಪದ ಜಾಗ, ಲ್ಯಾಮಿನೇಟ್ ಬಣ್ಣ ಎಲ್ಲ ಈಗ ಈವಿಯಲ್ಲೇ. ಸ್ಲೈಡರ್ ಎಳೆದ ತಕ್ಷಣ ಚಿತ್ರ ಬದಲಾಗುತ್ತದೆ, ಜಾಸ್ತಿ ಪ್ರಯೋಗ ಮಾಡಲು ಧೈರ್ಯ ಬರುತ್ತದೆ. ಆದರೆ ಅದರ ರೇ ಟ್ರೇಸಿಂಗ್‌ಗೆ (ಬೆಳಕಿನ ಕಿರಣದ ಲೆಕ್ಕಕ್ಕೆ) ಪರದೆಯಲ್ಲಿ ಕಾಣುವುದಷ್ಟೇ ಗೊತ್ತು. ಕ್ಯಾಮೆರಾದ ಹಿಂದಿನ ಕೆಂಪು ಗೋಡೆ ಸ್ಟೀಲ್ ಸಿಂಕ್‌ನಲ್ಲಿ ಸರಿಯಾಗಿ ಕಾಣುವುದಿಲ್ಲ. ಸುತ್ತಲಿನ ಬೆಳಕನ್ನು ಹಿಡಿದಿಡುವ ಪ್ರೋಬ್ ಇಟ್ಟರೂ ಆ ಪ್ರತಿಬಿಂಬ ಅಂದಾಜೇ.

ಅಂಥ ಕಡೆ ಸೈಕಲ್ಸ್ ಬೇಕು, ಅದು ಬೆಳಕಿನ ದಾರಿಯನ್ನೇ ಹಿಡಿದು ಹೋಗುತ್ತದೆ. ಚಿತ್ರದಲ್ಲಿ ಮೊದಲು ಬರೀ ಚುಕ್ಕಿ, ಆಮೇಲೆ ನಿಧಾನಕ್ಕೆ ತಿಳಿಯಾಗುತ್ತದೆ. ಕೆಲಸ ಮಾಡುವ ಕಿಟಕಿಯಲ್ಲೇ ಈ ಚುಕ್ಕಿಗಳನ್ನು ಅಳಿಸುವ ವ್ಯೂಪೋರ್ಟ್ ಡೀನಾಯ್ಸ್ ಬಳಸಿ ಎಂಬ ಸಲಹೆ ತುಂಬಾ ಉಪಯೋಗವಾಯಿತು. ಒಂದೇ ತೊಂದರೆ, ಸ್ಯಾಂಪಲ್ (ಪ್ರತಿ ಬಿಂದುವಿಗೆ ಲೆಕ್ಕ ಹಾಕುವ ಕಿರಣಗಳು) ಕಡಿಮೆ ಇದ್ದಾಗ ಗ್ರಾನೈಟ್‌ನ ಸಣ್ಣ ಕಣಗಳನ್ನೂ ಅದು ಒರೆಸಿಬಿಡುತ್ತದೆ. ಹಾಗಾಗಿ ಕಲ್ಲು, ಗಾಜು ನೋಡುವಾಗ ಡೀನಾಯ್ಸ್ ಆಫ್ ಮಾಡಿ, ಆ ಜಾಗಕ್ಕಷ್ಟೇ ರೆಂಡರ್ ರೀಜನ್ (ಗುರುತಿಸಿದ ಚೌಕವನ್ನು ಮಾತ್ರ ರೆಂಡರ್ ಮಾಡುವ ಆಯ್ಕೆ) ಹಾಕುತ್ತೇನೆ.